ಬೇಚರಾಕ್ ಊರುಗಳ ವಿಳಾಸ

ಕಂದಾಯ ಇಲಾಖೆಯ ಗ್ರಾಮಪಟ್ಟಿಗಳನ್ನು ತಿರುವಿಹಾಕಿದವರಿಗೆ ‘ಬೇಚರಾಕ್’ ಎಂಬ ಮಾತು ಹೊಸದಲ್ಲ. ಊರಿಗೆ ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ಕಂದಾಯವೂ ಬರುತ್ತದೆ. ಆದರೆ ಮನೆ ಒಂದೂ ಇಲ್ಲ. ಅಂಥ ಗ್ರಾಮದ ಹೆಸರಿನ ಮುಂದೆ ಈ ಮಾತನ್ನು ಬರೆಯುವುದು ವಾಡಿಕೆ. ಫಾರಸಿಯ ‘ಬೇ ಚಿರಾಗ್’, ಎಂದರೆ ದೀಪವಿಲ್ಲದ್ದು, ನಮ್ಮ ಶಾನುಭೋಗರ ಲೇಖಣಿಯಲ್ಲಿ ಹೀಗಾಯಿತು. ಬರಿಯ ಲೆಕ್ಕಕ್ಕೆಂದು ಬಳಕೆಗೆ ಬಂದ ಪದಗಳಲ್ಲಿ ಇಷ್ಟು ಕರುಳು ಹಿಂಡುವ ಪದ ಇನ್ನೊಂದು ಇದ್ದೀತೆಂದು ನಮಗೆ ತೋರುವುದಿಲ್ಲ. ಬಯಲುಸೀಮೆಯಲ್ಲಿ ಅಂಥ ಊರಿನ ಗುರುತೆಂದರೆ ಹೊಲಗಳ ನಡುವೆ ಒಂಟಿಯಾಗಿ ನಿಂತ ಹನುಮಪ್ಪನ ಗುಡಿ, ಒಂದು ಹಾಳುಬಾವಿ, ಉಳುವಾಗ ನೇಗಿಲಿಗೆ ಸಿಕ್ಕುವ ಮಡಕೆಯ ಚೂರು. ಅಲ್ಲಿದ್ದವರು ಯಾರು, ಯಾವಾಗ ಹೋದರು, ಎತ್ತ ಹೋದರು ಎಂಬುದಕ್ಕೆ ಪಟ್ಟಿಯಲ್ಲಿ ಉತ್ತರವಿಲ್ಲ. ಪಟ್ಟಿ ಬರೆದವನಿಗೆ ಬೇಕಾಗಿದ್ದುದು ನೆಲದ ಲೆಕ್ಕ.

ಜನರ ಲೆಕ್ಕ ಬೇಕಾದರೆ ಬೇರೆ ಕಾಗದಗಳನ್ನು ಹುಡುಕಬೇಕು. ಕನ್ನಡನಾಡಿನ ಒಂದು ದೊಡ್ಡ ಭಾಗದ ಮಟ್ಟಿಗೆ ಆ ಕಾಗದಗಳು ಇರುವುದು ಬೆಂಗಳೂರಿನಲ್ಲಲ್ಲ, ಚೆನ್ನೈಯಲ್ಲಿ. ಎಳುಂಬೂರು ರೈಲುನಿಲ್ದಾಣದ ಎದುರಿಗಿರುವ ತಮಿಳುನಾಡು ದಾಖಲೆ ಭಂಡಾರದ ಕೆಂಪು ಕಟ್ಟಡವನ್ನು ನಮ್ಮಲ್ಲಿ ಅನೇಕರು ಊರಿಗೆ ಹೋಗುವಾಗ, ಬರುವಾಗ ನೋಡಿದ್ದೇವೆ. ಒಳಗೆ ಹೋದವರು ಕಡಿಮೆ. 1909ರಲ್ಲಿ ಮದರಾಸು ರೆಕಾರ್ಡ್ ಆಫೀಸಿಗೆಂದು ಎದ್ದ ಕಟ್ಟಡ ಅದು. ಹೆನ್ರಿ ಡಾಡ್‌ವೆಲ್ ಅದರ ಕ್ಯುರೇಟರ್ ಆಗಿದ್ದರು. ಮುಂದೆ ಆ ಸ್ಥಾನದಲ್ಲಿದ್ದು ಜಿಲ್ಲಾ ಕೈಪಿಡಿಗಳನ್ನು ಹೊಸದಾಗಿ ಬರೆಯಿಸಿದವರು ಬಿ.ಎಸ್. ಬಾಳಿಗಾ.

ಅಲ್ಲಿ ಕನ್ನಡದ ಊರುಗಳೇಕೆ ಎಂದು ಕೇಳುವವರು ಭೂಪಟದ ಹಳೆಯ ಗೆರೆಗಳನ್ನು ನೆನೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕರಾವಳಿ ಕಂಪನಿಯ ಕೈಗೆ ಬಂತು; ಅದರ ಮೊದಲ ಕಲೆಕ್ಟರ್ ಥಾಮಸ್ ಮನ್ರೊ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟ. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಹೋಗುವ ತನಕ ಕಾರವಾರ, ಶಿರಸಿಗಳ ಪತ್ರವ್ಯವಹಾರವೂ ಮದರಾಸಿಗೇ ಬರುತ್ತಿತ್ತು. ಬಳ್ಳಾರಿ ಇಲ್ಲಿಂದ ಬಿಟ್ಟದ್ದು 1953ರ ಅಕ್ಟೋಬರ್ 1ರಂದು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರ ನವೆಂಬರ್ 1ರಂದು. ಕಾಸರಗೋಡು ಅದೇ ದಿನ ಕೇರಳಕ್ಕೆ ಹೋಯಿತು. ಜಿಲ್ಲೆಗಳು ಹೋದವು, ಒಂದೂವರೆ ಶತಮಾನದ ಮದರಾಸು ಸೆಕ್ರೆಟೇರಿಯಟ್ಟಿನ ಮತ್ತು ರೆವಿನ್ಯೂ ಬೋರ್ಡಿನ ನಡವಳಿ ಸಂಪುಟಗಳು ಎಳುಂಬೂರಿನಲ್ಲಿ ಉಳಿದವು. ಹೊರನಾಡ ಕನ್ನಡಿಗರಾದ ನಾವು ‘ನಾಡಿನಿಂದ ದೂರವಿದ್ದೇವೆ’ ಎಂದು ಹೇಳಿಕೊಳ್ಳುವುದುಂಟು. ಈ ಒಂದು ವಿಷಯದಲ್ಲಿ ಮಾತ್ರ ಬೆಂಗಳೂರಿನವರಿಗಿಂತ ನಾವೇ ಹತ್ತಿರ.

ಊರುಗಳ ಕಥೆಯನ್ನು ಊರಿನವರ ಬಾಯಿಂದಲೇ ಕೇಳಿ ಬರೆಸಿದ ದಾಖಲೆಗಳೂ ಚೆನ್ನೈಯಲ್ಲಿವೆ. ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ ಅಳತೆಯ ಸರಪಳಿಯ ಜೊತೆಗೆ ಬರಹಗಾರರನ್ನೂ ಕಳಿಸುತ್ತಿದ್ದ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಮೊದಲಾದವರು ಶಾನುಭೋಗರನ್ನು, ಮಠದವರನ್ನು, ಬಸದಿಯವರನ್ನು ಕಂಡು ಕೈಫಿಯತ್ತುಗಳನ್ನು ಸಂಗ್ರಹಿಸಿದರು. ಮಲೆಯೂರಿನ ದೇವಚಂದ್ರ 1804ರಲ್ಲಿ ಮೆಕೆಂಜಿಯನ್ನು ಕಂಡದ್ದು, ಆ ಪ್ರೇರಣೆ ಮುಂದೆ ‘ರಾಜಾವಳೀ ಕಥೆ’ಯಾದದ್ದು ನಮ್ಮ ಸಾಹಿತ್ಯಚರಿತ್ರೆಯ ಮಾತು. 1821ರಲ್ಲಿ ಮೆಕೆಂಜಿ ತೀರಿಕೊಂಡ ಮೇಲೆ ಸಂಗ್ರಹ ಹರಿದು ಹಂಚಿಹೋಗಿ, ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮದರಾಸಿಗೆ ಮರಳಿದವು. ಈಗ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿವೆ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಮೇಲೆ ಕನ್ನಡದ ಓದುಗರಿಗೆ ಇವುಗಳ ರುಚಿ ಹತ್ತಿತು. ಕೈಫಿಯತ್ತುಗಳಲ್ಲಿ ಊರು ಹುಟ್ಟುವುದೂ ಹಾಳುಬೀಳುವುದೂ ಮತ್ತೆ ಜನ ಬಂದು ನೆಲೆಯೂರುವುದೂ ಒಂದೇ ಉಸಿರಿನ ಸಂಗತಿಗಳು. ಮೊಲ ನಾಯಿಯನ್ನು ಅಟ್ಟಿಸಿಕೊಂಡು ಹೋದ ಕಥೆಯನ್ನು ನಂಬಬೇಕಾಗಿಲ್ಲ. ಅದರ ಪಕ್ಕದಲ್ಲೇ ಬರುವ ಕೆರೆ ಒಡೆದ, ಜನ ವಲಸೆ ಹೋದ ಮಾತನ್ನು ತಳ್ಳಿಹಾಕುವಂತಿಲ್ಲ.

ಅದೇ ಕಾಲದಲ್ಲಿ ಮದರಾಸಿನಿಂದ ಹೊರಟ ಇನ್ನೊಬ್ಬ ಫ್ರಾನ್ಸಿಸ್ ಬುಕಾನನ್. 1800ರ ಏಪ್ರಿಲ್‌ನಲ್ಲಿ ಹೊರಟು ಮೈಸೂರು, ಮಲಬಾರುಗಳನ್ನು ಸುತ್ತಿ 1801ರ ಆರಂಭದಲ್ಲಿ ಕರಾವಳಿಗೆ ಬಂದ. ನೇತ್ರಾವತಿಯ ದಡದ ಫರಂಗಿಪೇಟೆಯ ಬಗ್ಗೆ ಅವನು ಬರೆದದ್ದು ಚಿಕ್ಕದು. ಇಕ್ಕೇರಿಯ ಅರಸರು ಕರೆದು ನೆಲೆಗೊಳಿಸಿದ ಕೊಂಕಣಿ ಕ್ರೈಸ್ತರ ದೊಡ್ಡ ಪೇಟೆ ಅದಾಗಿತ್ತು. 1784ರಲ್ಲಿ ಟಿಪ್ಪು ಅಲ್ಲಿಯವರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಸಾಗಿಸಿದ. ಬುಕಾನನ್ ಕಂಡಾಗ ಉಳಿದಿದ್ದುದು ಇಗರ್ಜಿ. ಹದಿನೇಳು ವರ್ಷಗಳಲ್ಲಿ ಒಂದು ಪೇಟೆ ಬೇಚರಾಕ್ ಆಗಿತ್ತು. ಆದರೆ ಫರಂಗಿಪೇಟೆ ಅಳಿಯಲಿಲ್ಲ. ಸೆರೆಯಿಂದ ಬದುಕಿ ಬಂದವರು ಕರಾವಳಿಗೆ ಮರಳಿದರು, ಊರು ಮತ್ತೆ ಚಿಗುರಿತು. ಇಂದು ಮಂಗಳೂರಿನಿಂದ ಬಂಟ್ವಾಳಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಆ ಹೆಸರನ್ನು ಕೂಗುತ್ತಾನೆ. ಹಾಳಾದ ಊರುಗಳಲ್ಲಿ ಯಾವುದು ಏಳುತ್ತದೆ, ಯಾವುದು ಏಳುವುದಿಲ್ಲ ಎಂಬುದಕ್ಕೆ ಹೋದವರು ಮರಳಿ ಬರುವಷ್ಟು ಒಟ್ಟಾಗಿದ್ದರೇ ಎಂಬುದೇ ಕಾರಣವೆಂದು ನಾವು ತಿಳಿಯುತ್ತೇವೆ. 1876ರಿಂದ 78ರ ವರೆಗಿನ ಬರಗಾಲದಲ್ಲಿ ಬಳ್ಳಾರಿ ಸೀಮೆಯ ಹಳ್ಳಿಗಳಿಗೆ ಆ ಭಾಗ್ಯವಿರಲಿಲ್ಲ. 1871ರ ಗಣತಿಗೂ 1881ರ ಗಣತಿಗೂ ನಡುವೆ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೇ ಒಂದು ಪಾಲು ಕುಗ್ಗಿತು. ಒಬ್ಬೊಬ್ಬರಾಗಿ ಚದುರಿದವರು ಒಟ್ಟಾಗಿ ಮರಳಲಾರರು.

ಇನ್ನು ಅಂಚೆಯ ಮಾತು. ಕನ್ನಡದಲ್ಲಿ ಅಂಚೆಯೆಂದರೆ ಹಂಸವೂ ಹೌದು. ನಳದಮಯಂತಿಯರ ಹಂಸದೂತನನ್ನು ನೆನೆದು ಎರಡನ್ನೂ ಬೆಸೆಯುವವರಿದ್ದಾರೆ. ಚಂದದ ಊಹೆ, ಅಷ್ಟೆ. ತಮಿಳಿನ ‘ಅಂಜಲ್’, ತಿರುವಾಂಕೂರಿನ ‘ಅಂಚಲ್’ ಪಕ್ಕದಲ್ಲೇ ಇರುವಾಗ ಹಂಸವನ್ನು ಅಷ್ಟು ದೂರ ಹಾರಿಸುವುದು ಕಷ್ಟ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆಯ ವ್ಯವಸ್ಥೆ ಮಾಡಿದರು. ಅಂಚೆಯವರು ಪತ್ರಗಳೊಂದಿಗೆ ಸೀಮೆಯ ಸುದ್ದಿಯನ್ನೂ ಅರಮನೆಗೆ ಮುಟ್ಟಿಸಬೇಕಾಗಿತ್ತು. ಮದರಾಸಿನಲ್ಲಿ ಕಂಪನಿಯ ಜನರಲ್ ಪೋಸ್ಟ್ ಆಫೀಸು ತೆರೆದದ್ದು 1786ರ ಜೂನ್ 1ರಂದು, ಕೋಟೆಯೊಳಗೆ. ಕಡಲಂಚಿನ ಈಗಿನ ಕಟ್ಟಡ ರಾಬರ್ಟ್ ಚಿಸಮ್ ವಿನ್ಯಾಸಗೊಳಿಸಿದ್ದು, 1884ರದು. ಮೈಸೂರಿನ ಅಂಚೆ ಮತ್ತು ಬ್ರಿಟಿಷ್ ಟಪಾಲು ಬಹುಕಾಲ ಒಂದೇ ದಾರಿಯಲ್ಲಿ ಬೇರೆ ಬೇರೆ ಚೀಲ ಹೊತ್ತು ಓಡಿದವು; 1889ರಲ್ಲಿ ಅಂಚೆ ಟಪಾಲಿನಲ್ಲಿ ಸೇರಿಹೋಯಿತು. ಹೆಸರು ಮಾತ್ರ ಅಂಚೆಯದೇ ಗೆದ್ದಿತೆಂಬುದು ಸಮಾಧಾನ.

1854ರ ಅಕ್ಟೋಬರ್ 1ರಿಂದ ದೂರದ ಲೆಕ್ಕ ಹೋಯಿತು. ಕಾಲು ತೊಲ ತೂಕದ ಪತ್ರ ದೇಶದಲ್ಲಿ ಎಲ್ಲಿಗೇ ಹೋದರೂ ಅರ್ಧಾಣೆ. 1879ರಲ್ಲಿ ಕಾಲಾಣೆಯ ಕಾರ್ಡು ಬಂತು, ಮರುವರ್ಷ ಮನಿಯಾರ್ಡರು. ಹಳ್ಳಿಯವನಿಗೆ ಅಂಚೆ ಬೇಕಾದದ್ದು ಆಮೇಲೆ. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಮಗ, ಘಟ್ಟದ ತೋಟಕ್ಕೆ ಹೋದ ಗಂಡ, ಮದರಾಸಿನಲ್ಲಿ ಓದುವ ಹುಡುಗ, ಇವರಿದ್ದ ಊರಿಗೆ ಅಂಚೆಮನೆ ಬಂತು. ಬಂತೆಂದರೆ ಸುಮ್ಮನೆ ಬರಲಿಲ್ಲ. ಮೊದಲು ಪರೀಕ್ಷಾರ್ಥವಾಗಿ ತೆರೆಯುವರು; ಉತ್ಪತ್ತಿ ಖರ್ಚಿಗೆ ಸಾಲದಿದ್ದರೆ ಮುಚ್ಚುವರು. ಬ್ರಾಂಚ್ ಪೋಸ್ಟ್‌ಮಾಸ್ತರನಿಗೆ ಬೇರೆ ಜೀವನೋಪಾಯವಿರಬೇಕು. ಎಷ್ಟೋ ಕಡೆ ಶಾಲೆಯ ಮೇಷ್ಟರೇ ಪೋಸ್ಟ್‌ಮಾಸ್ತರು, ಇಲ್ಲವೇ ಅಂಗಡಿಯವನು. ಅಂಚೆಮನೆಯೆಂದರೆ ಅವನ ಜಗಲಿ, ಒಂದು ಮುದ್ರೆ, ಒಂದು ತಕ್ಕಡಿ, ಗೋಡೆಗೆ ತೂಗುಹಾಕಿದ ಕೆಂಪು ಡಬ್ಬಿ.

ಆದುದರಿಂದಲೇ ಹಳೆಯ ಪೋಸ್ಟಲ್ ಗೈಡಿನಲ್ಲಿ ಒಂದು ಹಳ್ಳಿಯ ಹೆಸರು ಕಂಡರೆ ಅದು ಸಣ್ಣ ಸಂಗತಿಯಲ್ಲ. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344. ಈಗ ಒಂದು ಲಕ್ಷ ಅರವತ್ತು ಸಾವಿರದ ಮೇಲೆ. ಈಗಿನ ಹಳ್ಳಿ ಅಂಚೆಮನೆಗಳಲ್ಲಿ ಬಹುಪಾಲು 1947ರ ಈಚಿನವು. 1900ರ ಸುಮಾರಿಗೇ ಅಂಚೆಯಿದ್ದ ಹಳ್ಳಿಯೆಂದರೆ ಅಲ್ಲಿ ಸಂತೆಯೋ, ಬಂದರೋ, ಮಠವೋ, ಓದುಬರಹ ಬಲ್ಲ ಹತ್ತಾರು ಮನೆಗಳೋ ಇದ್ದಿರಬೇಕು. ಅಂಥ ಹೆಸರು ಮುಂದಿನ ಗೈಡುಗಳಲ್ಲಿ ಕಾಣದಾದರೆ ಏನಾಯಿತೆಂದು ಕೇಳಲೇಬೇಕು.

ಕೇಳುವುದು ಸುಲಭ, ಹುಡುಕುವುದು ಕಷ್ಟ. ಹೆಸರುಗಳು ಇಂಗ್ಲಿಷಿನವು, ಅದೂ ಒಬ್ಬೊಬ್ಬ ಗುಮಾಸ್ತನ ಕಿವಿಗೆ ಕೇಳಿಸಿದಂತೆ. ಬುಕಾನನ್ನನ ‘ಹೊಸ್ಸೊಬೆಟ್ಟ’ ಮಂಜೇಶ್ವರದ ಹೊಸಬೆಟ್ಟು ಎಂದು ತಿಳಿಯಲು ಅವನ ದಾರಿಯನ್ನು ಹೊಳೆಹೊಳೆಯಾಗಿ ಹಿಂಬಾಲಿಸಬೇಕು. ಹೊಸೂರು, ಹೊಸಹಳ್ಳಿ, ಹಳೇಪೇಟೆಗಳಂತೂ ತಾಲೂಕಿಗೆ ನಾಲ್ಕು. ಬರಿಯ ಗೈಡಿನಿಂದ ಏನೂ ಸಿದ್ಧವಾಗದು. ಅದನ್ನು ಜಿಲ್ಲೆಯ ಗ್ರಾಮಸೂಚಿಯ ಪಕ್ಕದಲ್ಲಿಟ್ಟು, ಅಂಚೆಮನೆಗಳನ್ನು ಗುರುತಿಸಿರುವ ಸರ್ವೆ ಇಲಾಖೆಯ ಒಂದಂಗುಲ ಮೈಲಿಯ ನಕ್ಷೆಯನ್ನು ಬಿಚ್ಚಿ, ಮ್ಯಾನ್ಯುಯಲ್‌ಗಳನ್ನು ತೆರೆದು ಓದಬೇಕು. ಬಳ್ಳಾರಿಗೆ 1872ರ ಕೆಲ್ಸಲ್, 1904ರ ಫ್ರಾನ್ಸಿಸ್. ದಕ್ಷಿಣ ಕನ್ನಡಕ್ಕೆ 1894ರ ಸ್ಟರಕ್. ಕೊಯಮತ್ತೂರಿಗೆ 1887ರ ನಿಕಲ್ಸನ್. ಅಂಚೆ ಕಚೇರಿಗಳ ಸ್ವಂತ ದಫ್ತರಗಳಿಂದ ಇಲ್ಲಿ ಸಹಾಯ ಕಡಿಮೆ. ನಿಗದಿತ ಅವಧಿ ಕಳೆದ ಮೇಲೆ ಅವನ್ನು ನಾಶಮಾಡಬೇಕೆಂದು ನಿಯಮವೇ ಇದೆ. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಆ ನಿಯಮದ ಅಗತ್ಯ ಗೊತ್ತು, ಅದನ್ನು ಪಾಲಿಸುವಾಗಿನ ಉತ್ಸಾಹವೂ ಗೊತ್ತು.

ಹುಡುಕುತ್ತ ಹೋದರೆ ಅಂಚೆಮನೆ ಕಾಣೆಯಾದ ಮಾತ್ರಕ್ಕೆ ಊರು ಕಾಣೆಯಾಗಿರಬೇಕೆಂದಿಲ್ಲ ಎಂಬುದು ತಿಳಿಯುತ್ತದೆ. ಹೆಸರಷ್ಟೇ ಬದಲಾಗಿರಬಹುದು. ನೀಲಗಿರಿಯ ವೆಲಿಂಗ್ಟನ್ ದಂಡಿನ ನೆಲೆಗೆ ಮೊದಲಿದ್ದ ಹೆಸರು ಜಕ್ಕತಲ. ಅದು ಬಡಗರ ಊರಿನ ಹೆಸರು. ಯುದ್ಧ ಗೆದ್ದ ಡ್ಯೂಕನ ಹೆಸರಿಟ್ಟ ಮೇಲೆ ವಿಳಾಸದಿಂದ ಬಡಗರು ಮರೆಯಾದರು, ಬೆಟ್ಟದಿಂದಲ್ಲ. ತಿರುಗುಮುರುಗಾದ ಉದಾಹರಣೆಯೂ ಇದೆ. ಬಂಟ್ವಾಳದ ಕವಲುದಾರಿಯ ಪೇಟೆಯನ್ನು ಈಗ ಎಲ್ಲರೂ ಬಿ.ಸಿ. ರೋಡ್ ಎನ್ನುತ್ತಾರೆ, ‘ಬಂಟ್ವಾಳ ಕ್ರಾಸ್ ರೋಡ್’ ಎಂಬುದರ ಸಂಕ್ಷೇಪ. ಹಳೆಯ ಹೆಸರಾದ ಜೋಡುಮಾರ್ಗವನ್ನು ಅಂಗಡಿಯ ಬೋರ್ಡುಗಳು ಕೈಬಿಟ್ಟರೂ ಅಂಚೆ ಇಲಾಖೆ ಉಳಿಸಿಕೊಂಡಿದೆ.

ಆ ಜಿಲ್ಲೆಯವರ ವಿಳಾಸ ಬರೆಯುವ ರೀತಿಯೂ ಗಮನಿಸತಕ್ಕದ್ದು. ಮನೆಯ ಹೆಸರು, ಆಮೇಲೆ ‘ಇಂಥ ಗ್ರಾಮ ಮತ್ತು ಅಂಚೆ’. ಗ್ರಾಮಕ್ಕೆ ಸ್ವಂತ ಅಂಚೆಯಿದ್ದರೆ ಮಾತ್ರ ‘ಮತ್ತು’. ಇಲ್ಲದಿದ್ದರೆ ಗ್ರಾಮ ಒಂದು, ಅಂಚೆ ಇನ್ನೊಂದು. ಉತ್ತರ ಕರ್ನಾಟಕದವರು ಅದನ್ನೇ ‘ಮು.ಪೋ.’ ಎಂದು ಬರೆದರು: ಮುಕ್ಕಾಂ ಮತ್ತು ಪೋಸ್ಟ್ ಒಂದೇ. ಮದುವೆಯ ಕರೆಯೋಲೆಯಲ್ಲಿ ‘ಮು.ಪೋ.’ ಅಚ್ಚಾಗುವುದು ಊರಿಗೊಂದು ಗೌರವವಾಗಿತ್ತು. ನಮ್ಮ ಅಜ್ಜಂದಿರ ಕಾಗದಗಳಲ್ಲಿ ‘ಮು.’ ಮತ್ತು ‘ಪೋ.’ ಬೇರೆಬೇರೆಯಾಗಿದ್ದರೆ, ಅವೆರಡರ ನಡುವಿನ ದೂರವನ್ನು ಯಾರೋ ವಾರಕ್ಕೆ ಎರಡು ಸಲ ಚೀಲ ಹೊತ್ತು ನಡೆದಿದ್ದಾರೆಂದು ಅರ್ಥ.

ಊರೇ ಎದ್ದುಹೋದ ಸಂಗತಿಗಳಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ತುಂಗಭದ್ರೆಯದು. ಅಣೆಕಟ್ಟೆಗೆ 1945ರ ಫೆಬ್ರವರಿ 28ರಂದು ಅಡಿಗಲ್ಲಿಟ್ಟರು. ಒಂದು ದಡ ಮದರಾಸಿನದು, ಇನ್ನೊಂದು ನಿಜಾಮನದು. 1953ರ ಹೊತ್ತಿಗೆ ನೀರು ನಿಂತಿತು. ಎರಡೂ ಕಡೆ ಸೇರಿ ಮುಳುಗಿದ ಹಳ್ಳಿಗಳು ಸುಮಾರು 90. ಅವುಗಳಲ್ಲಿ ಹೊಸಪೇಟೆ ತಾಲೂಕಿನ ನಾರಾಯಣದೇವರಕೆರೆ ದೊಡ್ಡದು. ಅಲ್ಲಿಯವರು ಬಂದು ನೆಲೆಸಿದ್ದು ಮರಿಯಮ್ಮನಹಳ್ಳಿಯಲ್ಲಿ. ಇಂದು ಮರಿಯಮ್ಮನಹಳ್ಳಿಯೆಂದರೆ ನಾಟಕದವರ ಊರು, ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರ ಊರು ಎಂದು ನಾಡಿಗೆ ಗೊತ್ತು. ನಾರಾಯಣದೇವರಕೆರೆಯನ್ನು ನೆನೆಯುವವರು ಆ ಕಡೆಯವರು ಮಾತ್ರ. ಮುಳುಗಿದ ಭೂಮಿಯ ಸ್ವಾಧೀನದ ಕಾಲದಲ್ಲಿ ಬಳ್ಳಾರಿ ಇನ್ನೂ ಮದರಾಸಿನದಾಗಿತ್ತು. ಅಣೆಕಟ್ಟೆ ತುಂಬಿದ ವರ್ಷವೇ ಜಿಲ್ಲೆ ಮೈಸೂರಿಗೆ ಸೇರಿತು. ಊರು ನೀರಿಗೆ ಹೋದದ್ದೂ, ಅದರ ಆಡಳಿತ ಬೇರೊಂದು ರಾಜಧಾನಿಗೆ ಹೋದದ್ದೂ ಒಂದೇ ಸಮಯ. ಮೇಲಾಗಿ ಎದುರು ದಡದ ಊರುಗಳ ಕಾಗದಗಳು ಹೈದರಾಬಾದಿನವು. ಒಂದು ಹೊಳೆಯ ಎರಡು ದಡಗಳ ನೆರೆಹೊರೆಯವರ ಕಥೆಯನ್ನು ಜೋಡಿಸಬೇಕೆಂದರೆ ಈಗ ಮೂರು ರಾಜಧಾನಿಗಳಿಗೆ ಅಲೆಯಬೇಕು. ನಮ್ಮ ವಿಶ್ವವಿದ್ಯಾಲಯಗಳು ಆ ಕೆಲಸಕ್ಕೆ ಒಬ್ಬ ಸಂಶೋಧಕನನ್ನಾದರೂ ಮೀಸಲಿಡದಿದ್ದರೆ, ಮುಳುಗುವ ಮೊದಲಿನ ಊರನ್ನು ಕಣ್ಣಾರೆ ಕಂಡವರು ಯಾರೂ ಉಳಿಯದ ದಿನ ದೂರವಿಲ್ಲ. 1953ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವರಿಗೆ ಈಗ ಎಂಬತ್ತು ದಾಟಿದೆ.

ತಮಿಳುನಾಡಿನೊಳಗೇ ಉಳಿದ ಕನ್ನಡದ ಊರುಗಳ ಪ್ರಶ್ನೆ ಬೇರೆ. ತಾಳವಾಡಿ ಕೊಳ್ಳೇಗಾಲದ ಹಾಗೆಯೇ ಹಳೆಯ ಕೊಯಮತ್ತೂರು ಜಿಲ್ಲೆಯದು. 1956ರಲ್ಲಿ ಒಂದು ಆಚೆ ಹೋಯಿತು, ಒಂದು ಈಚೆ ಉಳಿಯಿತು. ಅವರ ಕನ್ನಡ ಎಲ್ಲರಿಗೂ ಕೇಳಿಸುತ್ತದೆ. ಕೇಳಿಸದವರು ಇನ್ನೂ ತೆಂಕಣದವರು. ಮಧುರೆ, ತಿರುನೆಲ್ವೇಲಿ ಸೀಮೆಗಳ ಕಪ್ಪಿಲಿಯರು, ಅನುಪ್ಪರು ಕನ್ನಡ ಮಾತನಾಡುವ ಒಕ್ಕಲುಗಳೆಂದು 1909ರಲ್ಲಿ ಏಳು ಸಂಪುಟಗಳಲ್ಲಿ ಬಂದ ಥರ್ಸ್ಟನ್ ಮತ್ತು ರಂಗಾಚಾರಿಯವರ ಗ್ರಂಥ ಹೇಳುತ್ತದೆ. ಕಂಬಂ ಊರಿನಲ್ಲಿ ಕಪ್ಪಿಲಿಯರು ಸಾಕಿಕೊಂಡು ಬಂದ ದೇವರ ದನಗಳ ಹಿಂಡಿನ ವರ್ಣನೆ ಅದರಲ್ಲಿದೆ. ಆ ಹಿಂಡು ಈಗಲೂ ಇದೆ, ಅದರ ಪಟ್ಟದ ಹೋರಿಗೆ ಈಗಲೂ ಪೂಜೆಯಿದೆ. ಶತಮಾನಗಳ ಹಿಂದೆ ಕನ್ನಡನಾಡಿನಿಂದ ಬಂದವರು ಭಾಷೆಯನ್ನು ಮನೆಯೊಳಗೆ, ದೈವವನ್ನು ದನದ ದೊಡ್ಡಿಯಲ್ಲಿ ಕಾಪಾಡಿಕೊಂಡರು. ಪತ್ರ ಬರೆಯುವಾಗ ತಮಿಳಿನಲ್ಲಿ ಬರೆದರು. ಹಾಗಾಗಿ ಇಲ್ಲಿ ಪೋಸ್ಟಲ್ ಗೈಡು ಮೂಕ. ಅದರಲ್ಲಿ ಕಂಬಂ ಇದೆ, ಉತ್ತಮಪಾಳಯಂ ಇದೆ. ಅಲ್ಲಿ ಯಾರು ಯಾವ ಮಾತಿನಲ್ಲಿ ಅತ್ತರು, ನಕ್ಕರು ಎಂಬುದಿಲ್ಲ. ಅದಕ್ಕೆ ಗಣತಿಯ ಮಾತೃಭಾಷೆಯ ಕೋಷ್ಟಕಗಳಿಗೇ ಹೋಗಬೇಕು.

ಕಾಸರಗೋಡಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿಯವರು ಕನ್ನಡದಲ್ಲೇ ಬರೆದರು, ಕನ್ನಡದಲ್ಲೇ ವಿಳಾಸ ಹಾಕಿದರು. ಗೆರೆ ಬಂದು ಅವರ ಮೇಲೆ ಬಿತ್ತು. 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದಾಗ ಆ ಗೆರೆಗೆ ಅಂಕಿಯೂ ಸಿಕ್ಕಿತು. ಮಂಗಳೂರು 575, ಕಾಸರಗೋಡು 671. ಒಂದೇ ಜಿಲ್ಲೆಯ ತಾಲೂಕುಗಳಾಗಿದ್ದ ಊರುಗಳ ಮೊದಲ ಅಂಕಿಯೇ ಬೇರೆಯಾಯಿತು. ಮಂಜೇಶ್ವರದ ಕೊನೆಗೆ ಒಂದು ‘ಅಂ’ ಸೇರಿ ಮಂಜೇಶ್ವರಂ ಆಗುವುದನ್ನು ಕೆಲವರು ಬರಿಯ ಉಚ್ಚಾರಭೇದ ಎನ್ನುತ್ತಾರೆ. ಆದರೆ ಹೆಸರಿನ ಮೂಲರೂಪ ಯಾವುದಾಗಿತ್ತೆಂಬ ವಾದ ಎದ್ದಾಗ ತೋರಿಸಬೇಕಾದುದು ಕೋಪವನ್ನಲ್ಲ, ಕಾಗದವನ್ನು. ಆ ಕಾಗದ 1956ರ ತನಕದ್ದು ಎಳುಂಬೂರಿನಲ್ಲಿದೆ. ಗಡಿನಾಡಿನ ಕನ್ನಡಪರ ಸಂಘಟನೆಗಳು ವರ್ಷಕ್ಕೊಮ್ಮೆ ಚೆನ್ನೈಗೆ ಇಬ್ಬರು ಓದುಬಲ್ಲ ತರುಣರನ್ನು ಕಳಿಸಿದರೂ ಸಾಕು, ಒಂದೊಂದು ತಾಲೂಕಿನ ಗ್ರಾಮನಾಮಗಳ ಹಳೆಯ ರೂಪಗಳನ್ನು ಬರೆದುಕೊಂಡು ಬರಬಹುದು.

ಕಾಗದ ನಮ್ಮ ಮನೆಗಳಲ್ಲೂ ಇದೆ. ಹಳೆಯ ಟ್ರಂಕಿನ ತಳದ ಕಾರ್ಡುಗಳನ್ನು ಒಕ್ಕಣೆಗಾಗಿ ಓದುವವರು ಮುದ್ರೆಯನ್ನೂ ಓದಬೇಕು. ಲಕೋಟೆಯ ಮುಂಭಾಗದಲ್ಲಿ ಹೊರಟ ಅಂಚೆಯ ಮುದ್ರೆ, ಬೆನ್ನಿನಲ್ಲಿ ದಾರಿಯ ಮತ್ತು ಮುಟ್ಟಿದ ಅಂಚೆಯ ಮುದ್ರೆಗಳು ಇರುವುದುಂಟು. ಆ ಹಳ್ಳಿಯ ಅಂಚೆಮನೆ ಆ ತಾರೀಖಿನಂದು ಬಾಗಿಲು ತೆರೆದಿತ್ತೆಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಯಾವ ಗೈಡಿನಲ್ಲೂ ಇಲ್ಲ. ಚೀಟಿ ಸಂಗ್ರಹದ ಹುಚ್ಚಿನಲ್ಲಿ ನಮ್ಮ ತಲೆಮಾರಿನ ಮಕ್ಕಳು ಅದೆಷ್ಟು ಲಕೋಟೆಗಳನ್ನು ನೀರಿನಲ್ಲಿ ನೆನೆಹಾಕಿ ಚೀಟಿ ಬಿಡಿಸಿಕೊಂಡರೋ. ಮುದ್ರೆಯ ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದಿರುವುದರಿಂದ ಊರಿನ ಅರ್ಧ ಹೆಸರು ಆಲ್ಬಮ್ಮಿಗೆ ಹೋಗಿ ಉಳಿದದ್ದು ಒಲೆಗೆ ಹೋಯಿತು. ಇನ್ನೂ ಹಾಗೆಯೇ ಉಳಿದಿರುವ ಲಕೋಟೆಗಳಿದ್ದರೆ ಎರಡೂ ಬದಿಯ ಚಿತ್ರ ತೆಗೆದು, ಮುದ್ರೆಯ ಅಕ್ಷರಗಳನ್ನು ಕಂಡಷ್ಟು ಮಾತ್ರ ಬರೆದಿಡುವುದು ಒಳ್ಳೆಯದು. ಮಾಸಿದ ಅಕ್ಷರವನ್ನು ಊಹಿಸಿ ತುಂಬಬಾರದು. ಮುಂದೆ ಗ್ರಾಮಸೂಚಿಯೊಂದಿಗೆ ತಾಳೆ ನೋಡುವವರಿಗೆ ಆ ಖಾಲಿ ಜಾಗವೂ ಬೇಕಾಗುತ್ತದೆ.